ಚಾಕು ಕೈಕೊಟ್ಟರೆ ಕುಲುಮೆಗೆ ಓಡಬೇಡಿ

ಸಂಡೂರಿನ ಗಣಿಗಳಿಂದ ಅದಿರು ಹೊರುವ ಲಾರಿಗಳ ದೆಸೆಯಿಂದ ಬಳ್ಳಾರಿಯ ಗುಜರಿಗಳಲ್ಲಿ ಮುರಿದ ಸ್ಪ್ರಿಂಗ್ ಪ್ಲೇಟುಗಳಿಗೆ ಬರವಿಲ್ಲ. ಕೆ.ಜಿ. ಲೆಕ್ಕದಲ್ಲಿ ಅಗ್ಗಕ್ಕೆ ಸಿಗುವ ಆ ಉಕ್ಕಿನಿಂದಲೇ ನಾನು ಚಾಕು ಮಾಡುವುದನ್ನು ಕಲಿತೆ. ಅಂದರೆ, ಕೆಡಿಸುವುದನ್ನು ಕಲಿತೆ. ಮೊದಲ ಎರಡು ವರ್ಷ ಯಾವ ದೋಷ ಕಂಡರೂ ನನ್ನ ಪರಿಹಾರ ಒಂದೇ ಆಗಿತ್ತು: ಮತ್ತೆ ಕುಲುಮೆ ಹೊತ್ತಿಸು, ಮತ್ತೆ ಕಾಯಿಸು. ಕುಡಗೋಲು, ಕೊಡಲಿ ಮಾಡುತ್ತ ಬದುಕು ಸವೆಸಿದ ಹಿರಿಯ ಕಮ್ಮಾರರೊಬ್ಬರು ಒಂದು ಮಧ್ಯಾಹ್ನ ಇದನ್ನು ನೋಡಿ, “ತಮ್ಮಾ, ಜ್ವರ ಬಂದವನನ್ನು ಬಿಸಿಲಿಗೆ ನಿಲ್ಲಿಸುತ್ತೀಯೇನು?” ಎಂದು ಕೇಳಿದರು. ನನ್ನ ಕೈಯಿಂದ ಇಕ್ಕಳ ಕಸಿದುಕೊಂಡು ಒಂದು ಅರ ಕೊಟ್ಟರು.

ಈ ಕೈಪಿಡಿ ಅಲ್ಲಿಂದ ಶುರುವಾಗಿದ್ದು. ಪ್ರತಿ ಸಲ ಕಾಯಿಸಿದಾಗಲೂ ಉಕ್ಕಿನ ಮೈಯಿಂದ ಒಂದಿಷ್ಟು ಇಂಗಾಲ ಹೋಗುತ್ತದೆ, ಬಿರುಕಿನ ಅಪಾಯ ಹೆಚ್ಚುತ್ತದೆ. ಆದ್ದರಿಂದ ಮೊದಲು ಕಾಸಿಲ್ಲದ ಪರೀಕ್ಷೆ, ಆಮೇಲೆ ಅಗ್ಗದ್ದು, ಬೆಂಕಿ ಕಟ್ಟಕಡೆಗೆ. ಬೇಕಾಗುವ ಸಾಮಾನು ಇಷ್ಟೇ: ಒಂದು ಹೊಸ ಅರ, ಕಪ್ಪು ಮಾರ್ಕರ್ ಪೆನ್ನು, ಭೂತಗನ್ನಡಿ, ಮೊಬೈಲಿನ ಟಾರ್ಚು.

ಮುಂದೆ ಬರುವ ನಾಲ್ಕು ಮಾತು: ಅಲಗಿನ ಹರಿತವಾದ ಅಂಚು ಬಾಯಿ, ಹಿಡಿಯೊಳಗೆ ಹೋಗುವ ಭಾಗ ಬಾಲ, ಬಾಲ ಶುರುವಾಗುವಲ್ಲಿನ ಮೆಟ್ಟಿಲು ಹೆಗಲು, ಹೆಗಲಿಗೆ ಒತ್ತಿಕೊಂಡು ಹಿಡಿಯ ಮುಂದೆ ಕೂರುವ ಹಿತ್ತಾಳೆಯ ತುಂಡು ಗಾರ್ಡ್. ಇನ್ನೆರಡು ಕೆಲಸದ ಮಾತು: ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದುವುದು ಗಡಸು ಮಾಡುವುದು, ಆಮೇಲೆ ಕಡಿಮೆ ಕಾವಿನಲ್ಲಿ ಮತ್ತೆ ಬಿಸಿಮಾಡಿ ಸುಲಭವಾಗಿ ಮುರಿಯದಂತೆ ಮಾಡುವುದು ಹದ.

ಹರಿತ ನಿಲ್ಲುವುದಿಲ್ಲ, ಎರಡು ದಿನಕ್ಕೇ ಮೊಂಡು

ಹೆಚ್ಚಿನವರು ‘ಹದ ಸರಿಯಾಗಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನನಗೆ ತೋರಿಸಲು ತಂದ ಇಂಥ ಚಾಕುಗಳಲ್ಲಿ ಅನೇಕವಕ್ಕೆ ಹದದ ದೋಷವೇ ಇರಲಿಲ್ಲ, ಸಾಣೆಯೇ ಪೂರ್ತಿಯಾಗಿರಲಿಲ್ಲ. ಬಾಯಿಯ ಉದ್ದಕ್ಕೂ ಮಾರ್ಕರ್ ಬಳಿದು ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆಯಿರಿ. ಕಪ್ಪು ಬಣ್ಣ ಬಾಯಿಯ ತುದಿಯವರೆಗೂ ಹೋಗಿದ್ದರೆ ಕಲ್ಲು ಮುಟ್ಟುತ್ತಿದೆ. ತುದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿದರೆ ನೀವು ಇಷ್ಟು ದಿನ ಬಾಯಿಯನ್ನಲ್ಲ, ಅದರ ಮೇಲಿನ ಕೆನ್ನೆಯನ್ನು ಉಜ್ಜುತ್ತಿದ್ದಿರಿ. ಇನ್ನೊಂದು ಮೋಸ, ಬಾಯಿಯ ಮೇಲೆ ಮಡಚಿಕೊಂಡು ನಿಲ್ಲುವ ತೆಳು ತಂತಿಯಂಥ ಲೋಹ. ಅದು ಮೊದಲ ದಿನ ಕಾಗದವನ್ನು ಸೊಗಸಾಗಿ ಸೀಳುತ್ತದೆ, ಮೂರನೆಯ ಈರುಳ್ಳಿಗೆ ಮಡಚಿ ಬೀಳುತ್ತದೆ. ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆದರೆ ಅದು ಹೋಗುತ್ತದೆ.

ಅಲ್ಲಿಗೂ ಸರಿಹೋಗದಿದ್ದರೆ ಗ್ರೈಂಡರ್ ಹಿಡಿದ ದಿನವನ್ನು ನೆನಪಿಸಿಕೊಳ್ಳಿ. ಬಾಯಿಯಲ್ಲಿ ಎಲ್ಲಾದರೂ ನೀಲಿ ಬಣ್ಣ ಕಂಡಿತ್ತೇ? ನೀಲಿ ಎಂದರೆ ಆ ಜಾಗ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಗಡಸುತನ ಇಳಿದಿದೆ. ಬಣ್ಣವನ್ನು ಉಜ್ಜಿ ತೆಗೆದರೆ ದೋಷ ಹೋಗುವುದಿಲ್ಲ, ಸಾಕ್ಷಿ ಮಾತ್ರ ಹೋಗುತ್ತದೆ. ಮೆದುವಾದಷ್ಟು ಬಾಯಿಯನ್ನು, ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು, ಹಿಂದಕ್ಕೆ ಸವೆಸಬೇಕು. ಗಡಸು ಮಾಡಿದ ಮೇಲೆ ಬರಿಗೈಯಲ್ಲಿ ಹಿಡಿದೇ ಗ್ರೈಂಡ್ ಮಾಡಿ. ಬೆರಳಿಗೆ ಚುರುಕ್ ಎಂದ ಕೂಡಲೇ ನೀರಿಗೆ ಅದ್ದಿ. ಬೆರಳಿಗಿಂತ ಒಳ್ಳೆಯ ಥರ್ಮಾಮೀಟರ್ ಈ ಕೆಲಸಕ್ಕೆ ಇಲ್ಲ.

ಇನ್ನು ಅರದ ಸರದಿ. ಬಾಯಿಯ ಪಕ್ಕದಲ್ಲಿ ಅರದ ಮೂಲೆಯನ್ನು ಹಗುರವಾಗಿ ಎಳೆಯಿರಿ. ಗಾಜಿನ ಮೇಲಿನಂತೆ ಜಾರಿದರೆ, ಇಲ್ಲವೇ ಒಲ್ಲದ ಮನಸ್ಸಿನಿಂದ ತುಸುವೇ ಕಚ್ಚಿದರೆ ಉಕ್ಕು ಗಡಸಾಗಿದೆ. ಬೆಣ್ಣೆಯಂತೆ ಕಚ್ಚಿದರೆ ಆಗಿಲ್ಲ. ಮೊದಲೆರಡು ಎಳೆತಕ್ಕೆ ಕಚ್ಚಿ ಆಮೇಲೆ ಜಾರತೊಡಗಿದರೆ ಅದು ಮೂರನೆಯ ಸಂಗತಿ: ಕಾಯಿಸುವಾಗ ಮೇಲ್ಪದರದ ಇಂಗಾಲ ಸುಟ್ಟುಹೋಗಿದೆ, ಕೆಳಗೆ ಒಳ್ಳೆಯ ಉಕ್ಕಿದೆ. ಮೇಲ್ಪದರವನ್ನು ಸವೆಸಿದರಾಯಿತು, ಬೆಂಕಿ ಬೇಡ. ಮೊದಲೇ ಪೂರ್ತಿ ಮೆದುವೆಂದು ತೀರ್ಮಾನಿಸಿ ಮತ್ತೆ ಕಾಯಿಸಿದ ಚಾಕುಗಳ ಲೆಕ್ಕ ನನ್ನ ಹತ್ತಿರ ಇಲ್ಲ. ಇಟ್ಟಿದ್ದರೆ ಬೇಸರವಾಗುತ್ತಿತ್ತು.

ನಿಜಕ್ಕೂ ಮೆದುವೇ ಆಗಿದ್ದರೆ ಉಳಿಯುವುದು ಎರಡು ಅನುಮಾನ. ಉಕ್ಕು ಗಡಸಾಗುವ ಜಾತಿಯದೇ ಅಲ್ಲ, ಅಥವಾ ಕಾವು ಸಾಲದು. ಅದೇ ಪಟ್ಟಿಯಿಂದ ಬೆರಳುದ್ದದ ತುಂಡು ಕತ್ತರಿಸಿ, ಈ ಸಲ ಮುಂದೆ ಹೇಳುವಷ್ಟು ಕಾವಿಗೆ ಕಾಯಿಸಿ, ಎಣ್ಣೆಗೆ ಅದ್ದಿ, ವೈಸ್‌ನಲ್ಲಿ ಹಿಡಿದು ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆಯಿರಿ. ಬಾಗಿದರೆ ಅದು ಗ್ರಿಲ್ ಮಾಡುವ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪಟ್ಟಿಯಂಥದ್ದು, ಅದಕ್ಕೆ ನಮಸ್ಕಾರ ಹೇಳಿ. ‘ಟಪ್’ ಎಂದು ಮುರಿದರೆ ಉಕ್ಕು ಒಳ್ಳೆಯದು, ನಿಮ್ಮ ಕಾವು ಕಡಿಮೆಯಾಗಿತ್ತು. ಸುಮಾರು 770 ಡಿಗ್ರಿಗೆ ಆಯಸ್ಕಾಂತ ಉಕ್ಕನ್ನು ಬಿಟ್ಟುಬಿಡುತ್ತದೆ. ಅನೇಕರು ಅಷ್ಟಕ್ಕೇ ಎಣ್ಣೆಗೆ ಇಳಿಸುತ್ತಾರೆ. ಸ್ಪ್ರಿಂಗ್ ಉಕ್ಕಿಗೆ ಅದು ಸಾಲದು. ಅದರ ಮೇಲೆ ಇನ್ನೂ ಒಂದು ಛಾಯೆ ತಿಳಿಯಾಗಬೇಕು, ಅಂದರೆ 850ರ ಆಸುಪಾಸು. ನಮ್ಮ ಬಿಸಿಲಿನಲ್ಲಿ ಕಾವಿನ ಬಣ್ಣ ಕಣ್ಣಿಗೆ ಮಂಕಾಗಿ ಕಂಡು, ಮಧ್ಯಾಹ್ನ ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಕಾಯಿಸುತ್ತಾರೆ. ಕತ್ತಲೆ ಮೂಲೆ ಇಲ್ಲವೇ ಸಂಜೆಯ ಹೊತ್ತೇ ಈ ಕೆಲಸಕ್ಕೆ ಸರಿ.

ಬಾಯಿ ಚೂರು ಚೂರಾಗಿ ಉದುರುತ್ತದೆ

ಮೊದಲು ಚಾಕುವನ್ನಲ್ಲ, ಬಳಸಿದವರನ್ನು ವಿಚಾರಿಸಿ. ತರಕಾರಿಗೆಂದು ತೆಳುವಾಗಿ ಮಾಡಿದ ಬಾಯಿಯಲ್ಲಿ ಮೂಳೆ ಕಡಿದರೆ, ತೆಂಗಿನಕಾಯಿ ಒಡೆದರೆ, ತಪ್ಪು ಉಕ್ಕಿನದಲ್ಲ.

ಬಳಕೆ ಸರಿಯಿದ್ದೂ ಉದುರುತ್ತಿದ್ದರೆ ಹಿತ್ತಾಳೆಯ ದುಂಡು ಸರಳಿನ ಮೇಲೆ ಬಾಯಿಯನ್ನು ಮೆಲ್ಲಗೆ ಒತ್ತಿ ಎಳೆಯಿರಿ. ಅಂಚು ತುಸು ಬಾಗಿ ವಾಪಸ್ ಬಂದರೆ ಹದ ಸರಿ. ಬಾಗಿ ಹಾಗೆಯೇ ನಿಂತರೆ ಮೆದು. ಕಚಕ್ಕೆಂದು ಮುರಿದರೆ ಹದ ಸಾಲದು. ಕೊನೆಯದಕ್ಕೆ ಮದ್ದು ಸುಲಭ: ಮೊದಲು ಹದ ಮಾಡಿದ ಕಾವಿಗಿಂತ 15 ಡಿಗ್ರಿ ಹೆಚ್ಚಿಗೆ, ಒವನ್‌ನಲ್ಲಿ ಇನ್ನೆರಡು ಗಂಟೆ. ಸ್ಪ್ರಿಂಗ್ ಉಕ್ಕಿನ ಅಡುಗೆ ಚಾಕುವಿಗೆ ನಾನು 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಕೊಡುತ್ತೇನೆ. ಮನೆಯ ಒವನ್ನಿನ ಗುಂಡಿ ಹೇಳುವ ಅಂಕಿಯನ್ನು ನಂಬಬೇಡಿ, ಒಳಗೊಂದು ಬೇರೆ ಥರ್ಮಾಮೀಟರ್ ಇಡಿ. ಬಣ್ಣ ನೋಡಿ ಹದ ಮಾಡುವವರು ಉಜ್ಜಿ ಬೆಳ್ಳಗಾದ ಉಕ್ಕಿನ ಮೇಲೆಯೇ ನೋಡಬೇಕು. ಒಣಗಿದ ಜೋಳದ ದಂಟಿನ ತಿಳಿ ಹಳದಿ ಎಂದರೆ 200 ದಾಟಿದೆ, ಕಂದಾದರೆ 250 ದಾಟಿದೆ. ಉಕ್ಕಿನ ಮೇಲೆ ಎಣ್ಣೆಯ ಪಸೆ ಉಳಿದಿದ್ದರೆ ಅದೇ ಸುಟ್ಟು ಅದೇ ಬಣ್ಣ ತೋರಿಸಿ ದಾರಿ ತಪ್ಪಿಸುತ್ತದೆ.

ಹದ ಏರಿಸಿದ ಮೇಲೂ ಉದುರಿದರೆ ಭೂತಗನ್ನಡಿಯಲ್ಲಿ ಮುರಿದ ಜಾಗವನ್ನು ನೋಡಿ. ಈ ವಿದ್ಯೆಯಲ್ಲಿ ಇಷ್ಟು ನಿಚ್ಚಳವಾಗಿ ಮಾತಾಡುವ ಗುರುತು ಇನ್ನೊಂದಿಲ್ಲ. ಮಬ್ಬು ಬೂದಿ ಬಣ್ಣದ ಮಖಮಲ್ಲಿನಂತಿದ್ದರೆ ಉಕ್ಕಿನ ಕಣ ಸಣ್ಣದು, ಒಳ್ಳೆಯದು. ಸಕ್ಕರೆ ಹರಳಿನಂತೆ ಮಿನುಗಿದರೆ ಕಾವು ಮೀರಿ ಕಣ ದಪ್ಪಗಾಗಿದೆ. ಹೌದು, ಇಲ್ಲಿ ಕುಲುಮೆಗೆ ಹೋಗಲೇಬೇಕು: ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡುವುದು, ಹೀಗೆ ಮೂರು ಸಲ, ಪ್ರತಿ ಸಲ ಕಾವು ಹಿಂದಿನದಕ್ಕಿಂತ ತುಸು ಕಡಿಮೆ. ಆಮೇಲಷ್ಟೇ ಮತ್ತೆ ಗಡಸು ಮಾಡುವುದು. ಅರ ಕಚ್ಚುವಷ್ಟು ಮೆದು ಮಾಡಬೇಕಿದ್ದರೆ ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಯಲ್ಲಿ ರಾತ್ರಿಯಿಡೀ ಹೂತಿಡಿ. ಶಾಖವನ್ನು ಅಷ್ಟು ಹೊತ್ತು ಹಿಡಿದಿಡುವ ವಸ್ತು ಇಷ್ಟು ಅಗ್ಗಕ್ಕೆ ಬೇರೆ ಸಿಗದು. ಆದರೆ ಅದರಲ್ಲಿರುವುದು ಬಹುಪಾಲು ಸಿಲಿಕಾ. ಮಾಸ್ಕ್ ಇಲ್ಲದೆ ಕೆದಕಬೇಡಿ.

ಮುರಿದ ಜಾಗದಲ್ಲಿ ಹಳದಿ ಅಥವಾ ಕಂದು ಛಾಯೆ ಕಂಡರೆ ಬಿರುಕು ಹದ ಮಾಡುವ ಮೊದಲೇ, ಎಣ್ಣೆಯಲ್ಲೇ ಆಗಿತ್ತು. ಕೆಂಪಗೆ ಕಾದಾಗ ಏಳುವ ಕಪ್ಪು ಹೊಪ್ಪಳೆ ಅಲ್ಲಿ ಕಂಡರೆ ಕಾಯಿಸುವ ಮುನ್ನವೇ ಇತ್ತು. ಸಾವಿರಾರು ಸಲ ಬಾಗಿ ಬಳಲಿದ ಲಾರಿ ಪ್ಲೇಟಿನಲ್ಲಿ ಇದು ಅಪರೂಪವಲ್ಲ. ಎರಡರಲ್ಲಿ ಯಾವುದಾದರೂ ಸರಿ, ಕೆಲಸ ಅಲ್ಲಿಗೇ ನಿಲ್ಲಿಸಿ. ಬಿರುಕಿಗೆ ರಿಪೇರಿ ಇಲ್ಲ.

ಎಣ್ಣೆಯಿಂದ ತೆಗೆದಾಗ ಅಲಗು ಸೊಟ್ಟ

ಗಾಬರಿ ಬೇಡ, ಆದರೆ ತಡವೂ ಬೇಡ. ಎಣ್ಣೆಯಿಂದ ಹೊರಬಂದ ಮೊದಲ ಕೆಲವು ಸೆಕೆಂಡು, ಉಕ್ಕು ಇನ್ನೂ 200 ಡಿಗ್ರಿಗಿಂತ ಬಿಸಿಯಿರುವಾಗ, ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಎರಡು ಹಲಗೆಗಳ ನಡುವೆ ಒತ್ತಿದರೆ ನೆಟ್ಟಗಾಗುತ್ತದೆ. ಆರಿದ ಮೇಲೆ ಒತ್ತಿದರೆ ‘ಟಿಣ್’ ಎಂದು ಮುರಿಯುತ್ತದೆ. ಆ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಸಮಯ ಮೀರಿದ್ದರೆ ಕಬ್ಬಿಣದ ದಪ್ಪ ಪಟ್ಟಿಗೆ ಕ್ಲ್ಯಾಂಪ್ ಹಾಕಿ, ಉಬ್ಬಿದ ಭಾಗ ಎದುರು ದಿಕ್ಕಿಗೆ ತುಸು ಬಾಗುವಂತೆ ಒಂದೆರಡು ನಾಣ್ಯ ಸಂದಿಗಿಟ್ಟು, ಆ ಸ್ಥಿತಿಯಲ್ಲೇ ಹದ ಮಾಡಿ.

ಮುಂದಿನ ಸಲ ಸೊಟ್ಟಗಾಗದಿರಲು ಎರಡೂ ಕಡೆ ಸಮನಾಗಿ ಗ್ರೈಂಡ್ ಮಾಡಿ, ಬಾಯಿಯನ್ನು ಗಡಸು ಮಾಡುವ ಮುನ್ನ ಒಂದೂವರೆ ಮಿಲಿಮೀಟರ್ ದಪ್ಪ ಬಿಡಿ, ಎಣ್ಣೆಗೆ ನೇರವಾಗಿ ಇಳಿಸಿ, ಪಕ್ಕಕ್ಕೆ ಅಲ್ಲಾಡಿಸಬೇಡಿ. ಎಣ್ಣೆ 50–60 ಡಿಗ್ರಿ ಬೆಚ್ಚಗಿರಲಿ. ಸೂರ್ಯಕಾಂತಿ ಎಣ್ಣೆ ಸಾಕು. ಗ್ಯಾರೇಜಿನ ಹಳೆಯ ಎಂಜಿನ್ ಎಣ್ಣೆಯ ಹೊಗೆ ವಿಷ. ಎಣ್ಣೆಯ ಪಾತ್ರೆ ಲೋಹದ್ದೇ ಇರಲಿ, ಬಿಗಿಯಾದ ಮುಚ್ಚಳ ಕೈಗೆಟುಕುವಲ್ಲಿರಲಿ. ಹೊತ್ತಿಕೊಂಡರೆ ಮುಚ್ಚಿ, ನೀರು ಮಾತ್ರ ಹಾಕಬೇಡಿ.

ಗಾರ್ಡ್ ಮತ್ತು ಅಲಗಿನ ನಡುವೆ ಕಪ್ಪು ಗೆರೆ

ಚಾಕು ಕೈಗೆತ್ತಿಕೊಂಡ ಬಲ್ಲವರು ಮೊದಲು ನೋಡುವುದು ಇಲ್ಲಿಗೇ. ಬಳ್ಳಾರಿಯ ಬಿಸಿಲಿಗೆ ಹಿತ್ತಾಳೆ ಹಿಗ್ಗಿ ಸಂದು ಬಿಟ್ಟಿತು ಎಂಬ ಸಬೂಬನ್ನು ನಾನೂ ಕೊಟ್ಟಿದ್ದೇನೆ. ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ: 40 ಮಿಲಿಮೀಟರಿನ ಗಾರ್ಡ್ 30 ಡಿಗ್ರಿ ಬಿಸಿಯಾದರೂ ಉಕ್ಕಿಗಿಂತ ಅದು ಹೆಚ್ಚಾಗಿ ಹಿಗ್ಗುವುದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಕಡಿಮೆ. ತಪ್ಪು ಸೂರ್ಯನದಲ್ಲ, ಅರ ಹಿಡಿದ ಕೈಯದು.

ಮೊದಲು ಗೆರೆ ನಿಜಕ್ಕೂ ಸಂದೋ, ಕೊಳೆಯೋ ನೋಡಿ. ಪಾಲಿಶಿನ ಮೇಣ ಅಂಚಿನಲ್ಲಿ ಕೂತು ಥೇಟ್ ಸಂದಿನಂತೆ ಕಾಣುತ್ತದೆ. ಅಸಿಟೋನ್ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಹೋಗದಿದ್ದರೆ, ಹಿಡಿ ಇನ್ನೂ ಕೂರಿಸಿರದಿದ್ದರೆ, ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಎಲ್ಲಿ ನುಸುಳುತ್ತದೆ ಎಂಬುದರಲ್ಲೇ ಕಾರಣ ಇದೆ.

ಒಂದು ಕಡೆ ಮಾತ್ರ ಬೆಳಕು ಬಂದರೆ ಎರಡು ಹೆಗಲುಗಳು ಒಂದೇ ಗೆರೆಯಲ್ಲಿಲ್ಲ. ಅಲಗಿನ ಎರಡೂ ಬದಿಗೆ ಗಡಸು ಉಕ್ಕಿನ ಪಟ್ಟಿ ಬಿಗಿದು, ಆ ಪಟ್ಟಿಗಳ ಮಟ್ಟಕ್ಕೆ ಹೆಗಲನ್ನು ಅರದಿಂದ ಇಳಿಸಿ. ಮೂಲೆಗಳಲ್ಲಿ ಮಾತ್ರ ಗಾರ್ಡ್ ಎತ್ತಿ ನಿಂತಿದ್ದರೆ, ಬಾಲ ಮತ್ತು ಹೆಗಲು ಸೇರುವ ಒಳಮೂಲೆಯ ದುಂಡು ಅಡ್ಡ ಬರುತ್ತಿದೆ. ಇಲ್ಲಿ ಹೊಸಬರು ಮಾಡುವ ತಪ್ಪು ದುಬಾರಿಯದು: ಆ ದುಂಡನ್ನು ಅರದಿಂದ ಚೂಪಾದ ಮೂಲೆ ಮಾಡುತ್ತಾರೆ. ಚಾಕು ಮುರಿಯುವುದೇ ಅಲ್ಲಿ. ದುಂಡನ್ನು ಹಾಗೇ ಬಿಟ್ಟು, ಹೆಗಲಿಗೆ ತಾಗುವ ಕಡೆ ಗಾರ್ಡಿನಲ್ಲಿ ಬಾಲ ತೂರುವ ಕಂಡಿಯ ಅಂಚನ್ನು ಆ ದುಂಡು ಅಡಗುವಷ್ಟೇ ಓರೆ ಮಾಡಿ.

ಸುತ್ತಲೂ ಸಮನಾಗಿ ಬೆಳಕು ಬಂದರೆ ಕಂಡಿಯೇ ದೊಡ್ಡದು. ಹೆಗಲಿಗೆ ತಾಗುವ ಮುಖದಲ್ಲಿ ಕಂಡಿಯ ಅಂಚಿನ ಪಕ್ಕ ದುಂಡು ಮೂತಿಯ ಪಂಚ್‌ನಿಂದ ಸಣ್ಣಗೆ ತಟ್ಟುತ್ತ ಹೋದರೆ ಹಿತ್ತಾಳೆ ಒಳಕ್ಕೆ ಸರಿಯುತ್ತದೆ. ಆಮೇಲೆ ಮತ್ತೆ ಹೊಂದಿಸಿ, ತಟ್ಟಿದ ಗುರುತನ್ನು ಅರದಿಂದ ಮಟ್ಟ ಮಾಡಬಹುದು. ಹೀಗೆ ಉಳಿಸಿಕೊಳ್ಳುವುದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಮಾತ್ರ. ಅದಕ್ಕಿಂತ ದೊಡ್ಡ ಸಂದಾದರೆ ಹೊಸ ತುಂಡು ತೆಗೆದುಕೊಳ್ಳಿ. ಹಿತ್ತಾಳೆ ಅಗ್ಗ, ನಿಮ್ಮ ಭಾನುವಾರ ಅಲ್ಲ.

ಹೊಸ ತುಂಡಿಗೆ ಬಾಲದ ದಪ್ಪಕ್ಕಿಂತ ಒಂದು ಕೂದಲೆಳೆ ಸಣ್ಣ ಡ್ರಿಲ್‌ನಿಂದ ಸಾಲಾಗಿ ತೂತು ಕೊರೆದು, ನಡುವಿನದನ್ನು ಸೂಜಿ ಅರದಿಂದ ಬಿಡಿಸಿ. ಬಾಲಕ್ಕೆ ಮಾರ್ಕರ್ ಬಳಿದು ತೂರಿಸಿ, ಹೊರತೆಗೆಯಿರಿ. ಕಂಡಿಯೊಳಗೆ ಎಲ್ಲಿ ಕಪ್ಪು ಮೆತ್ತಿದೆಯೋ ಅಲ್ಲಿ ಮಾತ್ರ ಎರಡು ಎಳೆತ, ಮತ್ತೆ ಮಾರ್ಕರ್. ನನಗೆ ಇದು ಇಪ್ಪತ್ತು, ಇಪ್ಪತ್ತೈದು ಸಲ ಹಿಡಿಯುತ್ತದೆ. ಹತ್ತನೆಯ ಸಲಕ್ಕೆ ಬೇಸತ್ತು ಜೋರಾಗಿ ಎಳೆದ ಒಂದು ಎಳೆತವೇ ಆ ಕಪ್ಪು ಗೆರೆ.

ಬೆಸುಗೆ ಉಂಡೆಯಾಗಿ ಉರುಳುತ್ತದೆ, ಹಿಡಿಯುವುದಿಲ್ಲ

ಸಂದು ಮುಚ್ಚಲು ಬೆಸುಗೆ ಹಾಕುವವರಿಗೆ ಮೊದಲೇ ಹೇಳುತ್ತೇನೆ: ಅದು ನೀರು ಒಳಹೋಗದಂತೆ ತಡೆಯಲು, ಅರದ ತಪ್ಪನ್ನು ಮುಚ್ಚಲು ಅಲ್ಲ. ನಾನೀಗ ಹೆಚ್ಚಾಗಿ ಎಪಾಕ್ಸಿ ಅಂಟನ್ನೇ ಬಳಸುತ್ತೇನೆ.

ಬೆಸುಗೆಯೇ ಬೇಕೆಂದರೆ, ಉಂಡೆಯಾಗಿ ಉರುಳಿದರೆ ಜಾಗ ಕೊಳೆಯಾಗಿದೆ ಅಥವಾ ತಣ್ಣಗಿದೆ. ಅಸಿಟೋನ್‌ನಿಂದ ಒರೆಸಿದ ಮೇಲೆ ಬೆರಳು ತಾಗಿಸಿದ್ದೀರಾ? ಬೆರಳಿನ ಜಿಡ್ಡೂ ಸಾಕು. ಬೆಸುಗೆ ಹಿಡಿಯಲೆಂದು ಮೊದಲೇ ಹಚ್ಚುವ ಫ್ಲಕ್ಸ್ ಕಪ್ಪಾಗಿದ್ದರೆ ಸುಟ್ಟಿದೆ, ತೊಳೆದು ಮೊದಲಿನಿಂದ ಶುರುಮಾಡಿ. ಒಂದೇ ಕಡೆಗೆ ಹರಿದರೆ ಆ ಕಡೆ ಮಾತ್ರ ಕಾದಿದೆ. ಬೆಸುಗೆ ಯಾವಾಗಲೂ ಬಿಸಿಯ ಬೆನ್ನು ಹತ್ತುತ್ತದೆ. ಜ್ವಾಲೆಯನ್ನು ಗಾರ್ಡಿನ ಕೆಳಗೆ ಹಿಡಿಯಿರಿ, ಅಲಗಿಗೆ ಒದ್ದೆ ಬಟ್ಟೆ ಸುತ್ತಿರಿ. ತವರ ಮತ್ತು ಬೆಳ್ಳಿಯ 96–4ರ ಬೆಸುಗೆ ಸುಮಾರು 221 ಡಿಗ್ರಿಗೇ ಕರಗುತ್ತದೆ, ಅದೇ ಸಾಕು. 600 ಡಿಗ್ರಿ ದಾಟಿ ಕರಗುವ ಬೆಳ್ಳಿ ಬೆಸುಗೆ ಹದ ಮಾಡಿದ ಚಾಕುವಿಗೆ ಬೇಡವೇ ಬೇಡ. ಕೆಲವದರಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದರ ಹೊಗೆ ಪ್ರಾಣಕ್ಕೇ ಅಪಾಯ. ನೀಲಿ ಬಣ್ಣ ಹೆಗಲಿನಿಂದ ಬಾಯಿಯ ಕಡೆಗೆ ಹರಿಯತೊಡಗಿದರೆ ಜ್ವಾಲೆ ಆರಿಸಿ, ಅವತ್ತಿಗೆ ಅಷ್ಟೇ.

ಮುಗಿದ ಮೇಲೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆಯದಿದ್ದರೆ ಉಳಿದ ಫ್ಲಕ್ಸ್ ವಾರದೊಳಗೆ ತುಕ್ಕಿನ ಗೆರೆ ಎಳೆಯುತ್ತದೆ. ನಮ್ಮ ಬೋರ್‌ವೆಲ್ಲಿನ ಸವುಳು ನೀರಾದರೆ ಒರೆಸಿ ಒಣಗಿಸುವುದನ್ನು ಸಂಜೆಗೆಂದು ಬಿಡಬೇಡಿ.

ಹಿತ್ತಾಳೆ ಹೊಳೆಯುತ್ತದೆ, ಆದರೆ…

ಗೀರು. ಕನ್ನಡಿಯಂಥ ಹೊಳಪಿನ ನಡುವೆ ಒಂದು ಗೀರು ಕಂಡರೆ ಅದು ಈಗ ಬಿದ್ದದ್ದಲ್ಲ, 120ರ ಎಮರಿ ಕಾಗದದ್ದು (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ). ಆಗಲೂ ಇತ್ತು, ಸುತ್ತ ಎಲ್ಲವೂ ಒರಟಾಗಿದ್ದರಿಂದ ಕಂಡಿರಲಿಲ್ಲ. ಅದನ್ನು ಪಾಲಿಶ್ ಮಾಡುವ ಬಫ್ ಚಕ್ರದಲ್ಲಿ ಎಷ್ಟು ಉಜ್ಜಿದರೂ ಹೊಳೆಯುವ ಗೀರಾಗುತ್ತದೆ ಅಷ್ಟೇ. 220ಕ್ಕೆ ವಾಪಸ್ ಹೋಗಿ. ಪ್ರತಿ ಕಾಗದಕ್ಕೂ ದಿಕ್ಕು ಬದಲಿಸಿ: 220 ಅಡ್ಡಕ್ಕೆ ಉಜ್ಜಿದರೆ 400 ಉದ್ದಕ್ಕೆ, 600 ಮತ್ತೆ ಅಡ್ಡಕ್ಕೆ. ಹಿಂದಿನ ದಿಕ್ಕಿನ ಒಂದೇ ಒಂದು ಗೆರೆ ಉಳಿದಿದ್ದರೂ ಮುಂದಿನದಕ್ಕೆ ಹೋಗಬೇಡಿ. ಟ್ಯೂಬ್‌ಲೈಟಿನ ಕೆಳಗಲ್ಲ, ಕಿಟಕಿಯ ಓರೆ ಬೆಳಕಿನಲ್ಲಿ ನೋಡಿ.

ಬೆರಳಾಡಿಸಿದರೆ ಹಿತ್ತಾಳೆ ತಗ್ಗು, ಉಕ್ಕು ಎತ್ತರ ಎನಿಸಿದರೆ ಕಾಗದದ ಹಿಂದೆ ಬೆರಳಿತ್ತು. ಮೆದು ಲೋಹ ಬೇಗ ಸವೆಯುತ್ತದೆ. ಗಟ್ಟಿಯಾದ ಚಪ್ಪಟೆ ಪಟ್ಟಿಗೆ ಕಾಗದ ಸುತ್ತಿ ಉಜ್ಜಿ.

ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ನನಗೆ ಒಂದು ಇಡೀ ದಿನ ತಿಂದ ಒಗಟು. ಬೆಸುಗೆಯ ಕರೆ ತೆಗೆಯಲು ಗಾರ್ಡನ್ನು ಆಮ್ಲದಲ್ಲಿಟ್ಟಿದ್ದೆ, ಕಬ್ಬಿಣದ ಚಿಮಟದಿಂದ ತೆಗೆದೆ. ಆಮ್ಲದಲ್ಲಿ ಕರಗಿದ್ದ ತಾಮ್ರ, ಕಬ್ಬಿಣ ತಾಗಿದ ಕೂಡಲೇ ಹಿತ್ತಾಳೆಯ ಮೇಲೆ ಕೂತಿತ್ತು. ತೆಳು ಪದರವಷ್ಟೇ, 600ರ ಕಾಗದಕ್ಕೆ ಹೋಯಿತು. ಆಮ್ಲಕ್ಕೆ ಈಗ ಬಿದಿರಿನ ಕಡ್ಡಿ.

ಹಸಿರು ಕಲೆ ಎಂದರೆ ಕಿಲುಬು. ತೊಳೆಯದ ಫ್ಲಕ್ಸ್, ಬೆವರು, ಇಲ್ಲವೇ ಚರ್ಮದ ಒರೆಯೊಳಗೇ ತಿಂಗಳುಗಟ್ಟಲೆ ಇಟ್ಟಿದ್ದು. ಒರೆ ಒಯ್ಯಲು, ಇಡಲು ಅಲ್ಲ. ಇನ್ನು, ಹಬ್ಬದ ಹಿಂದಿನ ದಿನ ತಂಬಿಗೆ ತಿಕ್ಕಿದಂತೆ ಚಾಕುವಿನ ಗಾರ್ಡನ್ನೂ ಹುಣಸೆಹಣ್ಣಿನಿಂದ ತಿಕ್ಕಿಕೊಡುವ ಅಮ್ಮಂದಿರಿಗೆ ಮೊದಲೇ ಹೇಳಿಡಿ. ಹಿತ್ತಾಳೆ ಬಂಗಾರದಂತಾಗುತ್ತದೆ, ಪಕ್ಕದ ಉಕ್ಕು ಕಪ್ಪಾಗುತ್ತದೆ.

ಬಫ್ ಚಕ್ರದ ವಿಷಯದಲ್ಲಿ ತಮಾಷೆ ಬೇಡ. ಮೆತ್ತನೆಯ ಬಟ್ಟೆಯ ಚಕ್ರ ಎಂದು ಕಡೆಗಣಿಸಬೇಡಿ. ಚಾಕುವಿನ ಕೆಲಸಕ್ಕೆ ಇಷ್ಟು ಅಪಾಯದ ಯಂತ್ರ ಇನ್ನೊಂದಿಲ್ಲ. ಅಂಚು ಸಿಕ್ಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಲಗನ್ನು ಕಿತ್ತು ಕಾಲಿಗೋ ಹೊಟ್ಟೆಗೋ ಎಸೆಯುತ್ತದೆ. ಗಾರ್ಡನ್ನು ಅಲಗಿಗೆ ಕೂರಿಸುವ ಮೊದಲೇ ಬಫ್ ಮಾಡಿ ಮುಗಿಸಿ, ಆಮೇಲಿನದೆಲ್ಲ ಕೈಯಲ್ಲೇ. ತಿರುಗುವ ಯಂತ್ರದ ಮುಂದೆ ಕೈಗವಸು ಹಾಕಬೇಡಿ, ಕನ್ನಡಕ ತೆಗೆಯಬೇಡಿ.

ಹಿಡಿ ಸಡಿಲ, ಅಥವಾ ಗಾರ್ಡಿನ ಹಿಂದೆ ಮರ ಸರಿದಿದೆ

ಚಮಚದಿಂದ ಹಿಡಿಯನ್ನು ಉದ್ದಕ್ಕೂ ಕುಟ್ಟುತ್ತ ಹೋಗಿ. ಬಲಿಯದ ತೆಂಗಿನಕಾಯಿಯಂತೆ ಪೊಳ್ಳು ಸದ್ದು ಬಂದಲ್ಲಿ ಅಂಟು ಬಿಟ್ಟಿದೆ.

ಹಿತ್ತಾಳೆಗೆ ಸಲ್ಲದ ಹವೆಯ ಸಬೂಬು ಮರಕ್ಕೆ ಸಲ್ಲುತ್ತದೆ. 30 ಮಿಲಿಮೀಟರ್ ಅಗಲದ ಹಸಿ ಮರ ನಮ್ಮ ಏಪ್ರಿಲಿನ ಗಾಳಿಗೆ ಒಣಗುತ್ತ ಬೆರಳಿಗೆ ತಾಕುವಷ್ಟು ಕುಗ್ಗುತ್ತದೆ. ಜಾಲಿಯೋ ಹುಣಸೆಯೋ ಬೇವೋ, ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೂರು ವಾರ ಒಂದೇ ತೂಕ ಬಂದರೆ ಬಳಸಿ. ತೇಗದಂಥ ಎಣ್ಣೆ ಅಂಶದ ಮರವನ್ನು ಅಂಟು ಹಚ್ಚುವ ಮುನ್ನ ಅಸಿಟೋನ್‌ನಿಂದ ಒರೆಸಿ.

ಮರ ಸರಿಯಿದ್ದರೆ ಅಂಟನ್ನು ಶಂಕಿಸಿ. ಎರಡು ಟ್ಯೂಬುಗಳ ಅಳತೆ ಕಣ್ಣಂದಾಜಿನದೇ? ಕ್ಲ್ಯಾಂಪನ್ನು ಅಂಟೆಲ್ಲ ಹೊರಬರುವಷ್ಟು ಬಿಗಿದಿರಾ? ಹಿಡಿಯನ್ನು ಬಾಲಕ್ಕೆ ಬಿಗಿಯುವ ಪಿನ್ನಿನ ತಲೆಯನ್ನು ಗ್ರೈಂಡ್ ಮಾಡುವಾಗ ಹಿತ್ತಾಳೆ ಸುಡುವಷ್ಟು ಬಿಸಿಯಾಯಿತೇ? ಹಿತ್ತಾಳೆಯ ಪಿನ್ ಬಿಸಿಯನ್ನು ನೇರ ಒಳಗೊಯ್ದು ಅಂಟನ್ನು ಸುಡುತ್ತದೆ. ತಂಗಿಗೆ ಮಾಡಿಕೊಟ್ಟ ಚಾಕುವಿನ ಹಿಡಿ ಮೇ ತಿಂಗಳಲ್ಲಿ ಅಲ್ಲಾಡತೊಡಗಿತ್ತು. “ಅಣ್ಣಾ, ನೀನು ಮಾಡಿದ್ದು ಇಷ್ಟೇ ದಿನ ಬಾಳುವುದೇ?” ಎಂದಳು. ವಿಚಾರಿಸಿದರೆ, ಸಿರುಗುಪ್ಪದಿಂದ ಬರುವಾಗ ಕಾರಿನ ಮುಂಗಾಜಿನ ಕೆಳಗಿಟ್ಟು ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ್ದಳು. ಸಾಮಾನ್ಯ ಎಪಾಕ್ಸಿ 60 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ.

ಕೂದಲೆಳೆ ಸಂದಾದರೆ ತೆಳು ಸೂಪರ್ ಗ್ಲೂ ಹನಿಸಿದರೆ ತಾನೇ ಹೀರಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಬಿಸಿಗಾಳಿಯಿಂದ 100 ಡಿಗ್ರಿಯೊಳಗೆ ಕಾಯಿಸಿ ಹಿಡಿ ಬಿಡಿಸಿ. ಆ ಕಾವಿಗೆ ಅಲಗಿನ ಹದ ಕೆಡದು. ಬಾಲವನ್ನು ಒರಟು ಕಾಗದದಿಂದ ಉಜ್ಜಿ, ಅಂಟು ಕಚ್ಚಲು ಎರಡು ತೂತು ಕೊರೆದು, ಒಂದು ಇಡೀ ದಿನ ಮುಟ್ಟದೆ ಬಿಡಿ.

ಇಷ್ಟಾದರೂ ತಿಳಿಯದಿದ್ದರೆ

ಲೋಹ ಪರೀಕ್ಷೆಯ ಪ್ರಯೋಗಾಲಯವಿರುವ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜು ಹತ್ತಿರವಿದ್ದರೆ ರಾಕ್‌ವೆಲ್ ‘ಸಿ’ ಎಂಬ ಮಾಪಕದಲ್ಲಿ ಗಡಸುತನ ಅಳೆಸಿ. ಸ್ಪ್ರಿಂಗ್ ಉಕ್ಕಿನ ಅಡುಗೆ ಚಾಕುವಿಗೆ 56ರಿಂದ 59 ಇದ್ದರೆ ಸಾಕು. ಒಂದೇ ಪಟ್ಟಿಯ ಮೂರು ಚಾಕು ಸತತವಾಗಿ ಕೆಟ್ಟರೆ ಗುಜರಿಯ ಸಹವಾಸ ಬಿಟ್ಟು ಹೆಸರು, ಸಂಖ್ಯೆ ಗೊತ್ತಿರುವ ಹೊಸ ಉಕ್ಕು ಕೊಂಡು, ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಕಳಿಸಿ. ಸತುವಿನ ಲೇಪವಿರುವ ಪೈಪು, ತಗಡು, ಬೋಲ್ಟು ಕುಲುಮೆಗೆ ಬಿದ್ದು ಬಿಳಿ ಹೊಗೆ ಎದ್ದರೆ ಆ ಕ್ಷಣವೇ ಹೊರಗೆ ಹೋಗಿ. ರಾತ್ರಿ ಚಳಿಜ್ವರ, ಎದೆ ಬಿಗಿತ ಬಂದರೆ ವೈದ್ಯರಿಗೆ ಹೊಗೆಯ ವಿಷಯ ಹೇಳಲು ಮರೆಯಬೇಡಿ.

ಆ ಮಧ್ಯಾಹ್ನ ಹಿರಿಯರು ನನ್ನ ಕೈಯಿಂದ ಕಸಿದ ಇಕ್ಕಳದಲ್ಲಿದ್ದ ಚಾಕುವನ್ನು ಉಳಿಸಲಾಗಲಿಲ್ಲ. ನಾಲ್ಕು ಸಲ ಕಾಯಿಸಿದ್ದೆ, ಬೆನ್ನಿನವರೆಗೆ ಬಿರುಕಿತ್ತು. ಕಟಿಂಗ್ ಡಿಸ್ಕ್‌ನಿಂದ ಆರು ತುಂಡು ಮಾಡಿದೆವು. ಮುಂದಿನ ಮೂರು ಚಾಕುಗಳ ಕಾವು, ಹದ ಪರೀಕ್ಷಿಸಿದ್ದು ಆ ತುಂಡುಗಳಲ್ಲೇ. ಒಂದು ಇನ್ನೂ ಉಳಿದಿದೆ, ಅರದ ಪಕ್ಕದಲ್ಲೇ ಇದೆ.